ವೈರಿನ ಇನ್ನೊಂದು ತುದಿ

ಶುಕ್ರವಾರ ಬೆಳಿಗ್ಗೆ ನನ್ನ ಕೆಲಸಗಳು ಒಂದೇ ಕ್ರಮದಲ್ಲಿ ನಡೆಯುತ್ತಿದ್ದವು. ಕಾಫಿಗೆ ನೀರಿಡುವುದು, ಇವರ ಬಿಳಿ ಶರ್ಟಿಗೆ ಇಸ್ತ್ರಿ ಹಾಕುವುದು, ಬೂಟಿಗೆ ಅಂಟಿದ ಸೈಟಿನ ಮಣ್ಣನ್ನು ಹಳೆಯ ಟೂತ್ ಬ್ರಶ್ಶಿನಿಂದ ಉಜ್ಜುವುದು. ಇವರು ಅಬುಧಾಬಿಯಲ್ಲಿ ಕಟ್ಟಡಗಳ ವೈರಿಂಗ್ ಫೋರ್‌ಮನ್. ವಾರವಿಡೀ ಕ್ಯಾಂಪಿನಲ್ಲಿದ್ದು ಗುರುವಾರ ಸಂಜೆ ದುಬೈಗೆ ಬರುತ್ತಿದ್ದರು. ರಜೆ ಶುಕ್ರವಾರ, ಚರ್ಚಿನಲ್ಲಿ ನಮಗೆ ಭಾನುವಾರದ ಪೂಜೆಯೂ ಶುಕ್ರವಾರವೇ. ದೇವರಿಗೂ ನನಗೂ ಇವರು ಸಿಗುತ್ತಿದ್ದದ್ದು ಅದೊಂದೇ ದಿನ.

ಆ ದಿನ ಪೂಜೆ ಮುಗಿಸಿ ಕ್ರೀಕ್ ದಾಟಿಸುವ ಮರದ ದೋಣಿ ಅಬ್ರಾದಲ್ಲಿ ಇಬ್ಬರೇ ಕೂತು ಹೋಗುವುದೆಂದು ಮಾತಾಗಿತ್ತು. ಎಷ್ಟೋ ವಾರಗಳಿಂದ ಮುಂದಕ್ಕೆ ಹೋಗುತ್ತಲೇ ಇದ್ದ ಮಾತು. ನಾನು ತಿಳಿಹಸಿರು ಸೀರೆಗೆ ಪಿನ್ ಹಾಕುತ್ತಿದ್ದೆ. ಹೊರಗಿನಿಂದ "ಅಣ್ಣಾ!" ಎಂಬ ಕೂಗು ಕೇಳಿತು.

ಒಂದೇ ವಿಲ್ಲಾವನ್ನು ಎರಡು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಅಂಗಳ ಮಾತ್ರ ಒಂದೇ. ಆ ಬದಿಯಲ್ಲಿ ಉಡುಪಿ ಕಡೆಯ ದಂಪತಿ. ಗಂಡನಿಗೆ ದೇರಾದಲ್ಲಿ ಅಂಗಡಿ, ಶುಕ್ರವಾರವೇ ಗಿರಾಕಿ ಜಾಸ್ತಿ. ಹೆಂಡತಿ ಊರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಮಲ್ಲಿಗೆಯ ಕಡ್ಡಿಯನ್ನು ಹಿಂದಿನ ದಿನ ಅಂಗಳದಲ್ಲಿ ನೆಟ್ಟಿದ್ದಳು.

"ನೀರಿನ ಮೋಟಾರು ಆನ್ ಆಗ್ತಾ ಇಲ್ಲ ಅಣ್ಣಾ. ನಿನ್ನೆ ಅಗೆಯುವಾಗ ಎಂತದೋ ಟಕ್ ಅಂತ ಆಗಿತ್ತು."

"ಟಕ್ ಅಂದಾಗ ನಿಲ್ಲಿಸ್ಬೇಕಲ್ವಾ ಮಾರಾಯ್ತಿ?"

"ಕಲ್ಲು ಅಂತ ಇನ್ನೆರಡು ಪೆಟ್ಟು ಹಾಕಿದೆ!"

ಇವರು ಜೋರಾಗಿ ನಕ್ಕರು. ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದಾಗಲೂ, ಕೀಲಿ ಒಳಗಿಟ್ಟು ಬಾಗಿಲು ಎಳೆದುಕೊಂಡಾಗಲೂ ಇವರ ಬಾಯಿಂದ ಬಂದದ್ದು ಬರೀ "ಹುಂ".

ಇಸ್ತ್ರಿ ಹಾಕಿದ ಶರ್ಟು ಕುರ್ಚಿಯ ಮೇಲೇ ಉಳಿಯಿತು. ಮೇನ್ ಆಫ್ ಮಾಡಿ, ಮಲ್ಲಿಗೆಯ ಕಡ್ಡಿಯನ್ನು ಬುಡದ ಮಣ್ಣಿನ ಸಮೇತ ಎತ್ತಿ ಬದಿಗಿಟ್ಟು, ಇವರು ಕೈಯಿಂದಲೇ ಮರಳು ತೋಡಿದರು. ನೆಲದೊಳಗಿನ ಬಿಳಿ ಪ್ಲಾಸ್ಟಿಕ್ ಪೈಪು ಒಡೆದು, ಒಳಗಿನ ವೈರಿನ ಸಿಪ್ಪೆ ಕಿತ್ತುಬಂದಿತ್ತು. ಗಿಡಕ್ಕೆ ಹೊಯ್ದ ನೀರು ಒಳಗೆ ಇಳಿದಿತ್ತು.

ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತೆ. ಹಳೆಯ ವೈರಿನ ಒಂದು ತುದಿಗೆ ದಾರ ಕಟ್ಟಿ ಇನ್ನೊಂದು ತುದಿಯಿಂದ ಎಳೆದರು; ವೈರು ಹೊರಬಂತು, ದಾರ ಪೈಪಿನೊಳಗೆ ಉಳಿಯಿತು. ಒಡೆದ ಭಾಗವನ್ನು ಗರಗಸದಿಂದ ಕೊಯ್ದು, ಹೊಸ ತುಂಡಿನೊಳಗೆ ಆ ದಾರವನ್ನು ತೂರಿಸಿ, ಎರಡೂ ಕಡೆ ಅಂಟು ಹಚ್ಚಿ ಕೂರಿಸಿದರು. ಕೂರಿಸುವ ಮೊದಲು ಕೊಯ್ದ ಅಂಚಿನ ಒರಟನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಅವಳು ಇವರ ತಲೆಗೆ ಬಿಸಿಲು ಬೀಳದ ಹಾಗೆ ಹೂವಿನ ಚಿತ್ರದ ಕೊಡೆ ಹಿಡಿದು ನಿಂತಿದ್ದಳು. ಆ ಕೊಡೆಯನ್ನು ಅವಳಿಗೆ ಎರವಲು ಕೊಟ್ಟವಳು ನಾನೇ.

ಹೊಸ ವೈರು ತೂರಿಸಲು ಇಬ್ಬರು ಬೇಕು: ಒಬ್ಬರು ಒಂದು ತುದಿಯಿಂದ ಬಿಡಬೇಕು, ಇನ್ನೊಬ್ಬರು ಆ ಕಡೆಯಿಂದ ದಾರ ಎಳೆಯಬೇಕು. ನಾನು ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದೆ.

"ನಾನು ಹಿಡೀಲಾ?"

"ಬೇಡ, ನಿನ್ನ ಸೀರೆ ಕೊಳೆಯಾಗ್ತದೆ," ಎಂದರು, ತಲೆ ಎತ್ತದೆ.

ನಾನು ಕಿಟಕಿಗೆ ಹಿಂದಿರುಗಿದೆ. ದಾರದ ತುದಿ ಹಿಡಿದು ಮೋಟಾರಿನ ಹತ್ತಿರ ಅವಳು ಕೂತಳು. ಅಲ್ಲಿಂದ ಮುಂದೆ ಎಲ್ಲ ತುಳುವಿನಲ್ಲಿ. "ಮೆಲ್ಲ, ಮೆಲ್ಲ!" ಎಂದು ಇವರು, "ಬುಡ್ಲೆ, ಬುಡ್ಲೆ!" ಎಂದು ಅವಳು. ಬಿಡಿ, ಬಿಡಿ ಎನ್ನುವಷ್ಟು ನನಗೂ ತಿಳಿಯುತ್ತದೆ. ನಾನು ಶಿವಮೊಗ್ಗದ ಕಾನ್ವೆಂಟಿನಲ್ಲಿ ಓದಿದವಳು. ನಾನೂ ಇವರೂ ಮನೆಯಲ್ಲಿ ಆಡುವುದು ಕೊಂಕಣಿ; ಇವರು ತಮ್ಮೂರಿನ ಗದ್ದೆಯಲ್ಲಿ, ಬಸ್ಸಿನಲ್ಲಿ, ಗೆಳೆಯರೊಡನೆ ಆಡಿ ಬೆಳೆದ ತುಳು ನನ್ನ ಮನೆಗೆ ಬಂದದ್ದೇ ಇಲ್ಲ. ಅಂಗಳದ ಆ ತುದಿಯಿಂದ ಈ ತುದಿಗೆ ಏನೋ ಚೇಷ್ಟೆ ಹಾರಿತು. ಅವಳು ದಾರ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇವರು ಮತ್ತೊಂದು ಹೇಳಿದರು. ಸಿಸ್ಟರ್ ಏಳು ಮಹಾಪಾಪಗಳನ್ನು ಬಾಯಿಪಾಠ ಮಾಡಿಸುವಾಗ ಅಸೂಯೆ ಎಂಬುದು ಕೆಟ್ಟ ಹುಡುಗಿಯರ ಕಾಯಿಲೆ ಎಂದುಕೊಂಡಿದ್ದೆ. ಆ ಹೊತ್ತಿಗೆ ಅದು ನನ್ನ ಅಡುಗೆಮನೆಯೊಳಗೇ ಬಂದಿತ್ತು, ಕಿಟಕಿಯಿಂದ ಬರುತ್ತಿದ್ದ ಅಂಟಿನ ವಾಸನೆಯ ಜೊತೆ.

ಪೂಜೆ ತಪ್ಪಿತು. ಮೋಟಾರು ಓಡಿತು. ಗುಂಡಿಗೆ ನಯವಾದ ಮರಳು ತುಂಬಿ, ಇನ್ನು ಯಾರೂ ಪೆಟ್ಟು ಹಾಕದಿರಲೆಂದು ಮೇಲೆ ಹಳದಿ ಪಟ್ಟಿ ಹಾಸಿ ಮುಚ್ಚಿದರು. ಮಲ್ಲಿಗೆಗೆ ಗೋಡೆಯ ಬದಿಯಲ್ಲಿ ಬೇರೆ ಜಾಗ ಹುಡುಕಿಕೊಟ್ಟರು, ಅದನ್ನೂ ತಾವೇ ನೆಟ್ಟರು. ಒಳಗೆ ಬಂದು ಊಟ ಮಾಡಿ ದಿಂಬಿಗೆ ತಲೆಯಿಟ್ಟರು.

"ಅಬ್ರಾ?" ಎಂದೆ.

"ಬರುವ ವಾರ."

"ಅವಳಿಗೆ ಏನು ಹೇಳಿ ನಗಿಸಿದ್ದು?"

"ಏನಿಲ್ಲ," ಎಂದು ಗೋಡೆಗೆ ಮುಖ ತಿರುಗಿಸಿದರು.

ಸಂಜೆ ಅವಳು ತಟ್ಟೆ ತುಂಬ ಗೋಳಿಬಜೆ ತಂದಳು. ಇವರಿನ್ನೂ ಮಲಗಿದ್ದರು. ನಾನು ಸೀರೆ ಬದಲಿಸಿರಲಿಲ್ಲ. ಅವಳು ಅದನ್ನು ಗಮನಿಸಲೂ ಇಲ್ಲ. ಹಿಂದಿರುಗುತ್ತ, ಚಪ್ಪಲಿಗೆ ಕಾಲು ತೂರಿಸುತ್ತ ಅಂದಳು:

"ನಿಮಗೆ ಪುಣ್ಯ ಉಂಟು ಅಕ್ಕಾ. ನಮ್ಮವರು ತಿನ್ಲಿಕ್ಕೆ ಮಾತ್ರ ಬಾಯಿ ತೆರೆಯುವುದು. ಅಣ್ಣ ಮನೇಲಿ ಇಡೀ ದಿನ ಹೀಗೆ ನಗಿಸ್ತಾ ಇದ್ರೆ ನಿಮಗೆ ಹೊತ್ತು ಹೋದದ್ದೇ ಗೊತ್ತಾಗ್ಲಿಕ್ಕಿಲ್ಲ, ಅಲ್ವಾ?"