ಚಪ್ಪಲಿ ಕಾಯುತ್ತಿದ್ದ ಅಕ್ಕ

ಬಿಸಿಲಿಗೆ ಬಿದ್ದ ಚಪ್ಪಲಿಗಳಿಗೆ ಒಂದು ವಾಸನೆ ಇರುತ್ತದೆ. ರಬ್ಬರು, ಬೆವರು, ಧೂಳು ಎಲ್ಲ ಸೇರಿದ್ದು. ಮೊನ್ನೆ ದೇವರಾಯನದುರ್ಗದಲ್ಲಿ, ಮೇಲಿನ ದೇವಸ್ಥಾನದ ಮೆಟ್ಟಿಲ ಬುಡದಲ್ಲಿ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆ ಅಕ್ಕ ನೆನಪಾದಳು.

ಎಪ್ಪತ್ತರ ದಶಕದ ಕೊನೆ. ತುಮಕೂರಿನಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಅಕ್ಕ ಕಾಲೇಜು ಓದುತ್ತಿದ್ದಳು. ಅವಳ ತಮ್ಮ ನನ್ನ ಓರಗೆಯವನು. ಭಾನುವಾರ ಬಂತೆಂದರೆ ಅಕ್ಕ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಕಾಲೇಜಿನ ತಂಡದ ಜೊತೆ ಕುಣಿಗಲ್ ಬಸ್ಸು ಹತ್ತುವಳು. ಅಲ್ಲಿಂದ ಮುಂದೆ ಹುಲಿಯೂರುದುರ್ಗ. ಹಗ್ಗ ಕಟ್ಟಿ ಬಂಡೆ ಹತ್ತುವ ಅಭ್ಯಾಸ. ಸಂಜೆ ಮೊಣಕೈ ತರಚಿಕೊಂಡು ಬಂದು, "ಮೇಲ್ ನಿಂತ್ರೆ ಗಾಳಿ ಹೆಂಗ್ ಬೀಸುತ್ತೆ ಗೊತ್ತೇನೇ!" ಅನ್ನುವಳು. ಹಿಮಾಲಯದ ತರಬೇತಿಗೆ ಆಯ್ಕೆಯೂ ಆದಳು. ನಾನು ಉಲ್ಲನ್ ಉಂಡೆ ಹಿಡಿದು ಕೂತೆ, ಅವಳು ಟೋಪಿ ಹೆಣೆದಳು... ನೀಲಿಯದು.

ಹೊರಡುವ ಮುಂಚೆ ಒಂದು ದಿನ ಇದೇ ದೇವರಾಯನದುರ್ಗದಲ್ಲಿ, ಗುಡಿಯ ಹಿಂದಿನ ಬಂಡೆಯನ್ನು ಶೂ ಹಾಕಿಕೊಂಡೇ ಹತ್ತಿಬಿಟ್ಟಳು. ಆಮೇಲೆ ತಮ್ಮನಿಗೆ ಕಾಮಾಲೆ ಹಿಡಿಯಿತು. "ದೇವ್ರ ತಲೆ ಮೇಲೆ ಶೂ ಇಟ್ಳಲ್ಲ, ಸುಮ್ನೆ ಬಿಡ್ತಾನಾ?" ಎಂದು ಅವರಮ್ಮ ಎದೆ ಬಡಿದುಕೊಂಡರು. ಗುಬ್ಬಿಯಿಂದ ನಾಟಿ ಔಷಧಿ ಬಂತು, ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಿದ್ದಾಯಿತು. ಜೊತೆಗೆ ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ಹರಕೆ ಹೊತ್ತರು: ಮಗ ಉಳಿದರೆ ಮಗಳು ಇನ್ನೆಂದೂ ಬೆಟ್ಟ ಹತ್ತುವುದಿಲ್ಲ. ಹೊತ್ತದ್ದು ತಾಯಿ, ತೀರಿಸಬೇಕಾದವಳು ಮಗಳು. ಇದ್ಯಾವ ಊರಿನ ನ್ಯಾಯ! ಮುಡಿ ಕೊಡುತ್ತೇನೆ, ಉರುಳುಸೇವೆ ಮಾಡುತ್ತೇನೆ ಅಂತ ತಾವೇ ಹೊರಬಹುದಿತ್ತಲ್ಲ?

ಹುಡುಗ ಉಳಿದ. ಅಕ್ಕ ಆ ಟೋಪಿಯನ್ನು ಅವನ ತಲೆಗೆ ಹಾಕಿದಳು.

"ನೀನು ತರಬೇತಿಗೆ ಹೋಗಕ್ಕ, ದೇವ್ರೇನು ಇದನ್ನ ಕೇಳಿದ್ನಾ?" ಎಂದು ಜಗಳವಾಡಿದೆ.

"ಅವ್ನಿಗೆ ಮತ್ತೆ ಏನಾದ್ರೂ ಆದ್ರೆ? ಬೇಡ ಬಿಡು. ಅವ್ನಿಗ್ ಮಾತ್ರ ಹೇಳ್ಬೇಡ ಕಣೇ. ಪಾಪ, ಮನಸ್ಸಿಗ್ ಹಚ್ಕೋತಾನೆ."

ಎಂಬತ್ತರ ದಶಕದುದ್ದಕ್ಕೂ ಎರಡೂ ಮನೆಯವರು ದುರ್ಗಕ್ಕೆ ಹೋಗುತ್ತಿದ್ದೆವು. ಬಸ್ಸು ಹತ್ತುವ ಏರು ಹರಕೆಗೆ ಸೇರುವುದಿಲ್ಲವೆಂದು ಅವರಮ್ಮನೇ ತೀರ್ಪು ಕೊಟ್ಟಿದ್ದರು. ನಾವೆಲ್ಲ ಮೆಟ್ಟಿಲು ಹತ್ತಿ ಹೋದರೆ ಅಕ್ಕ ಕೆಳಗೆ ಕಲ್ಲಿನ ಮೇಲೆ ಕೂತು ನಮ್ಮ ಚಪ್ಪಲಿ ಕಾಯುತ್ತಿದ್ದಳು. "ನಮ್ಮಕ್ಕಂಗೆ ಬೆಟ್ಟ ಅಂದ್ರೆ ಭಯ" ಎಂದು ತಮ್ಮ ನಗುವನು. ಅವಳೂ ನಗುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು...

ಅಕ್ಕ ಹೋದ ವರ್ಷ ತೀರಿಕೊಂಡಳು. ಮೊನ್ನೆ ಅದೇ ಮೆಟ್ಟಿಲ ಬುಡದಲ್ಲಿ ಅವಳ ತಮ್ಮ ಎದುರಾದ, ಮೊಮ್ಮಕ್ಕಳ ಜೊತೆ. ಆ ಕಲ್ಲು ತೋರಿಸಿ, "ನಮ್ಮಕ್ಕ ಇಲ್ಲೇ ಕೂತಿರೋಳು, ಹತ್ತೋಕೆ ಹೆದರ್ಕೊಂಡು" ಎಂದು ಮಕ್ಕಳಿಗೆ ಹೇಳುತ್ತಿದ್ದ. ತಡೆಯಲಾಗಲಿಲ್ಲ. ಶೂ, ಕಾಮಾಲೆ, ಮುಡಿಪು, ಟೋಪಿ, ಎಲ್ಲ ಹೇಳಿಬಿಟ್ಟೆ. ಅವನ ಕಣ್ಣು ತುಂಬಿತು. ಸದ್ಯ, ಈಗಲಾದರೂ ಗೊತ್ತಾಯಿತಲ್ಲ ಅಂದುಕೊಂಡೆ.

"ನೋಡ್ದ್ಯಾ, ಎಂಥಾ ಸತ್ಯವಂತ ದೇವ್ರು!" ಅಂದ. ಬೆಟ್ಟದ ಕಡೆ ತಿರುಗಿ ಕೈ ಮುಗಿದ. ಮಕ್ಕಳ ಕೈಯಲ್ಲೂ ಮುಗಿಸಿದ. ಆಮೇಲೆ ಎಲ್ಲರ ಚಪ್ಪಲಿಯನ್ನೂ ಆ ಕಲ್ಲಿನ ಪಕ್ಕ ಬಿಡಿಸಿ, "ಸ್ವಲ್ಪ ನೋಡ್ಕೊಂಡಿರಮ್ಮ" ಎಂದು ಮೆಟ್ಟಿಲು ಹತ್ತಿದ.

ನಾನು ಕಾಯಲಿಲ್ಲ, ಹೊರಟು ಬಂದೆ. ಅಕ್ಕ ಇದ್ದಿದ್ದರೆ ಕಾಯುತ್ತಿದ್ದಳು.