ಹಂದಿಗೆ ಅಂಟಿಸಿದ ನಗು

ಪ್ರೆಬೆನ್ ಹೆಸರೆತ್ತಿದರೆ ಈಗಲೂ ನನಗೆ ವಾಕರಿಕೆ ಬರುತ್ತದೆ. ವಿಬೋರ್ಗ್ ಊರಿನಲ್ಲಿ ನಾವು ಕಾರ್ಟೂನ್ ಮಾಡುತ್ತಿದ್ದ ಸ್ಟುಡಿಯೋದ ಯಜಮಾನ ಅವನು. ಹೊಸದಾಗಿ ಒಂದು ಗೆರೆ ಎಳೆಯಬೇಕೆಂದರೆ ಅವನ ಜೀವ ಹೋಗುತ್ತಿತ್ತು. ಒಮ್ಮೆ ಬರೆದ ಕಣ್ಣು, ಕೈ, ಟೋಪಿ ಎಲ್ಲವೂ ಕಂಪ್ಯೂಟರಿನ ಲೈಬ್ರರಿ ಸೇರಬೇಕು. ಬೇಕಾದಾಗ ಅಲ್ಲಿಂದ ಎಳೆದು ತಂದು ಅಂಟಿಸಬೇಕು. ಮೂಲವನ್ನು ತಿದ್ದಿದರೆ ಸಾಕು, ಅಂಟಿಸಿದ ಕಡೆಯೆಲ್ಲ ತಾನಾಗಿ ಬದಲಾಗುತ್ತದೆ.

ಬೋಡಿಲ್ ಅಲ್ಲಿ ಹದಿನಾಲ್ಕು ವರ್ಷ ಬಾಯಿ ಬರೆದವಳು. ಹೌದು, ಬರೀ ಬಾಯಿ: ಮಾತಾಡುವ, ಅಳುವ, ಆಕಳಿಸುವ ಬಾಯಿಗಳು. ಮಧ್ಯಾಹ್ನ ಡಬ್ಬಿ ತೆರೆದು ರೈ ಬ್ರೆಡ್ ತಿನ್ನುವಾಗಲೂ ನಮ್ಮ ತುಟಿಗಳನ್ನೇ ನೋಡುತ್ತಿದ್ದಳು. ಅವಳ ಅಪ್ಪ ಬಸ್ ಓಡಿಸುತ್ತಿದ್ದವರು. ನಕ್ಕರೆ ಎಡಗಡೆಯ ತುಟಿ ಮೊದಲು ಮೇಲೇಳುತ್ತಿತ್ತು, ಮುರಿದ ಹಲ್ಲೊಂದು ಇಣುಕುತ್ತಿತ್ತು. ಅವರ ಕೊನೆಯ ವಾರ ಆಸ್ಪತ್ರೆಯಲ್ಲಿ ಪಕ್ಕದಲ್ಲೇ ಕೂತು, ಆ ನಗುವನ್ನು ಬೋಡಿಲ್ ಕಂಪ್ಯೂಟರಿನಲ್ಲಿ ಬರೆದುಕೊಂಡಳು. ಮಕ್ಕಳ ಧಾರಾವಾಹಿಯಲ್ಲಿ ಕಡಲ ದಂಡೆಯ ದೀಪಸ್ತಂಭ ಕಾಯುವ ಅಜ್ಜನಿಗೆ ಅದನ್ನೇ ಕೊಟ್ಟಳು. ಅವಳ ಅಮ್ಮ ಇಂಗರ್ಲಿಸೆ ಪ್ರತಿ ಶುಕ್ರವಾರ ಸಂಜೆ ಕಾಫಿ ಹಿಡಿದು ಟಿವಿ ಮುಂದೆ ಕೂರುತ್ತಿದ್ದರು, ಗಂಡನನ್ನು ನೋಡಲು.

ಅಷ್ಟರಲ್ಲಿ ಲಿವರ್ ಪೇಸ್ಟ್ ಜಾಹೀರಾತೊಂದು ಬಂತು. ಹಂದಿಯೊಂದು ತನ್ನದೇ ಪಿತ್ತಜನಕಾಂಗವನ್ನು ಬ್ರೆಡ್‌ಗೆ ಸವರಿ ನಗಬೇಕಂತೆ. ಅಸಹ್ಯ!

"ಅಜ್ಜನ ಬಾಯಿ ಹಾಕು, ಇದಕ್ಕೇ ಮಾಡಿಸ್ದಂಗಿದೆ," ಎಂದು ಪ್ರೆಬೆನ್ ನನಗೆ ಹೇಳಿದ.

ಬೋಡಿಲ್ ಎದ್ದು ಅವನೆದುರು ನಿಂತಳು. "ಅದು ನಮ್ಮಪ್ಪಂದು ಕಣೋ. ಬೇರೆ ಬರ್ಕೊಡ್ತೀನಿ, ಒಂದಿನ ಕೊಡು."

"ನಿಮ್ಮಪ್ಪಂದಾಗ್ಲಿ, ರಾಣೀದೇ ಆಗ್ಲಿ, ಲೈಬ್ರರಿಗೆ ಬಿದ್ಮೇಲೆ ಸ್ಟುಡಿಯೋದು. ಒಂದಿನ ಯಾಕೆ ದಂಡ?"

ಅಂಟಿಸಿದವನು ನಾನೇ. ಎರಡು ನಿಮಿಷ ಹಿಡಿಯಿತು. ಪ್ರೆಬೆನ್ ಅದನ್ನು ದೊಡ್ಡ ಪರದೆಯ ಮೇಲೆ ನಾಲ್ಕು ಸಲ ಓಡಿಸಿ ಹೊಟ್ಟೆ ಹಿಡಿದು ನಕ್ಕ. ಥೂ, ನನ್ನ ಕೈಗಿಷ್ಟು!

ಅವನು ಆಚೆ ಹೋದದ್ದೇ ತಡ, ಬೋಡಿಲ್ ಲೈಬ್ರರಿಯಲ್ಲಿದ್ದ ಮೂಲವನ್ನು ತೆರೆದು ಅಪ್ಪನ ಬಾಯನ್ನು ಅಳಿಸಿದಳು. ಅಲ್ಲೇ ಪ್ರೆಬೆನ್‌ನ ಬಾಯಿ ಬರೆದಳು: ತೆಳು ತುಟಿ, ಹಳದಿ ಹಲ್ಲು. ಹಂದಿ ಥೇಟ್ ಅವನಂತೆ ಹಲ್ಲು ಕಿಸಿಯಿತು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ಮೂರ್ಖನಿಗೆ ತನ್ನ ಬಾಯಿಯೇ ಗೊತ್ತಾಗಲಿಲ್ಲ. "ಇದು ಇನ್ನೂ ಚೆನ್ನಾಗಿದೆ," ಎಂದು ಜಾಹೀರಾತನ್ನು ಕಳಿಸಿಬಿಟ್ಟ. ಹಿಂದೆಯೇ ಧಾರಾವಾಹಿಯ ಶುಕ್ರವಾರದ ಕಂತೂ ಸಿದ್ಧವಾಗಿ ಹೊರಟುಹೋಯಿತು. ಅಜ್ಜನ ಬಾಯಿಗೂ ಮೂಲ ಅದೇ ಎಂಬುದು ನಗುವಿನ ಭರದಲ್ಲಿ ಇಬ್ಬರಿಗೂ ಹೊಳೆಯಲಿಲ್ಲ.

ಶುಕ್ರವಾರ ಬೋಡಿಲ್ ಜೊತೆ ನಾನೂ ಅವಳ ಅಮ್ಮನ ಮನೆಯಲ್ಲಿದ್ದೆ. ದೀಪಸ್ತಂಭದ ಬಾಗಿಲು ತೆರೆದು ಅಜ್ಜ ನಕ್ಕ. ಇಂಗರ್ಲಿಸೆ ಕಪ್ಪನ್ನು ಕೆಳಗಿಟ್ಟರು.

"ಯಾರೇ ಇವ್ನು? ಹಲ್ಲು ಕಿರೀತಾನಷ್ಟೆ. ನಿಮ್ಮಪ್ಪನ್ನ ಎಲ್ಲಿ ಕಳಿಸ್ದೆ ಬೋಡಿಲ್?"

ಅಳಿಸಿದ ಬಾಯಿ ಇನ್ನು ಸಿಗದು ಎಂದು ಬೋಡಿಲ್‌ಗೆ ಆಗ ಹೊಳೆಯಿತು. ಹಳೆಯ ಪ್ರತಿ ಇಟ್ಟುಕೊಳ್ಳುವುದೂ ಪ್ರೆಬೆನ್‌ಗೆ ದಂಡವೇ.

ಸೋಮವಾರ ನಾನೇ, ಹಿಂದೆಯೇ ಪ್ರಸಾರವಾಗಿದ್ದ ಹಳೆಯ ಕಂತೊಂದನ್ನು ಹಾಕಿ, ಅಜ್ಜ ನಗುವಲ್ಲಿ ನಿಲ್ಲಿಸಿದೆ. "ನೋಡ್ಕೊಂಡು ಮತ್ತೆ ಬರಿ, ನಿಂಗೆ ಎಷ್ಟು ಹೊತ್ತು?"

ಬೋಡಿಲ್ ಪೆನ್ನು ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಕೆಳಗಿಟ್ಟಳು.

"ಆಗ್ತಿಲ್ಲ ಕಣೋ. ಆ ತುಟಿ ನೋಡಿದ್ರೆ ಮೇಲೆ ಹಂದಿ ಮೂತಿ ಕಾಣ್ಸತ್ತೆ. ಕಣ್ಣು ಮುಚ್ಕೊಂಡು ಅಪ್ಪನ್ನ ನೆನೆಸ್ಕೊಂಡ್ರೂ ಅದೇ ಬರತ್ತೆ."