ಗೋಡೆ ಕಡೆ ತಿರುಗಿ

ನಮ್ಮತ್ತೆ ಕಂಪ್ಯೂಟರ್ ಮುಂದೆ ಕೂರುವ ಮೊದಲು ಕೈಬಳೆಗಳನ್ನೆಲ್ಲ ಮೊಣಕೈವರೆಗೆ ಏರಿಸಿಕೊಳ್ಳುತ್ತಿದ್ದರು. ಶಾಲೆಯ ಆಫೀಸಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದವರು. ಕೀಬೋರ್ಡನ್ನೂ ಟೈಪ್‌ರೈಟರಿನಂತೆಯೇ ಕುಟ್ಟುತ್ತಿದ್ದರು. ಕೀಲಿಗಳ ಮೇಲಿನ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು. ಅದರಿಂದ ಅವರಿಗೇನೂ ತೊಂದರೆ ಇರಲಿಲ್ಲ, ನಮಗಿತ್ತು.

ಬಂಗಾರಪೇಟೆಯ ನಮ್ಮ ಮನೆಯ ಆ ಕಂಪ್ಯೂಟರಿಗೆ ಅವರೇ ಅಡ್ಮಿನಿಸ್ಟ್ರೇಟರ್. ಹಿಂದೊಮ್ಮೆ ನಮ್ಮ ಯಜಮಾನರು ಪುಕ್ಕಟೆ ಸಿಗುತ್ತದೆಂದು ಯಾವುದೋ ಸಾಫ್ಟ್‌ವೇರ್ ಹಾಕಿ ಅದನ್ನು ಕೆಡಿಸಿ ಕೂರಿಸಿದ್ದರು. ರಿಪೇರಿಯಾಗಿ ಬಂದ ದಿನವೇ ಅತ್ತೆ ನಮ್ಮಿಬ್ಬರ ಖಾತೆಗಳನ್ನೂ ಸಾಧಾರಣ ಖಾತೆ ಮಾಡಿ, ಪಾಸ್‌ವರ್ಡನ್ನು ತಮ್ಮ ತಲೆಯಲ್ಲಿಟ್ಟುಕೊಂಡರು. ಹೊಸದೇನೇ ಹಾಕಬೇಕಾದರೂ ಅವರನ್ನೇ ಕರೆಯಬೇಕು. "ಗೋಡೆ ಕಡೆ ತಿರುಕ್ಕಳಿ" ಎನ್ನುತ್ತಿದ್ದರು. ಮೀಸೆ ನರೆತ ಮಗನೂ ತೆಪ್ಪಗೆ ಗೋಡೆ ನೋಡುತ್ತಾ ನಿಲ್ಲಬೇಕಿತ್ತು.

ನಾನು ಕಂಪ್ಯೂಟರ್ ಎಂಬ್ರಾಯಿಡರಿ ಮೆಷಿನ್ ತಂದಾಗ ಇದು ತಲೆನೋವಾಯಿತು. ನನ್ನ ಮೊದಲ ಆರ್ಡರ್, ಮದುವೆ ಹೆಣ್ಣಿನ ರವಿಕೆ, ಮಾರನೆಯ ದಿನವೇ ಕೊಡಬೇಕು. ಡಿಸೈನ್ ಮಾಡುವ ಸಾಫ್ಟ್‌ವೇರ್ ಹಾಕಲು ಹೋದರೆ ಅನುಮತಿ ಇಲ್ಲ ಎನ್ನುತ್ತದೆ. ಮೌಸಿನ ಬಲಗುಂಡಿ ಒತ್ತಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಆರಿಸಿದೆ, ಪಾಸ್‌ವರ್ಡ್ ಕೇಳಿತು. ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಅದೇ ರಾಗ. ಅತ್ತೆ ಕಾಮಸಮುದ್ರದ ತಂಗಿ ಮನೆಗೆ ಹೋಗಿದ್ದರು. ಫೋನ್ ಮಾಡಿದೆ.

"ಫೋನ್‌ನಾಗೆ ಏಳಾಕಿಲ್ಲ ಕಣಮ್ಮ. ಬತ್ತೀನಿ ಇರು."

ಸಂಜೆ ಅವರು ಬಸ್ಸಿಳಿದು ಮನೆಗೆ ಬರುವ ಹೊತ್ತಿಗೆ ನನ್ನ ಸಿಟ್ಟು ನೆತ್ತಿಗೇರಿತ್ತು. "ನಾನೇನು ಒರಗಿನೋಳಾ ಅತ್ತೆ? ನನ್ ಮೇಲೆ ನಂಬ್ಕೆ ಇಲ್ವಾ?" ಎಂದುಬಿಟ್ಟೆ.

ಅತ್ತೆ ಬಳೆ ಏರಿಸಿಕೊಳ್ಳುತ್ತಾ ನಕ್ಕರು. "ನಮ್ಮಪ್ಪಂಗೆ ಇಲ್ಲೇ ಚಿನ್ನದ ಗಣಿ, ಮೈಸೂರು ಮೈನ್ಸ್‌ನಾಗೆ ಕೆಲ್ಸ. ಚಿನ್ನ ಒರಗೋಗಬಾರ್ದು ಅಂತ ಗೇಟ್‌ನಾಗೆ ಎಲ್ರುನೂ ತಡಕೋರು. ಅಲ್ಲಿ ನಿಂತಿರ್ತಿದ್ದೋನು ನಮ್ಮ ಚಿಕ್ಕಪ್ಪನೇ. ಸ್ವಂತ ಅಣ್ಣನ ಜೇಬು, ಬುತ್ತಿ ಡಬ್ಬಿ, ಒಂದೂ ಬಿಡ್ತಿರ್ಲಿಲ್ಲ. ಆಮ್ಯಾಕೆ ಇಬ್ರೂ ನಮ್ಮನೇಲೇ ಪಕ್ಕಪಕ್ಕ ಕೂತು ಉಣ್ಣೋರು. ಅಪ್ಪ ಒಂದಿನಾನೂ ಮುನಿಸ್ಕಂಡಿಲ್ಲ."

ನಾನು ಅವರಿಗೆ ಕುರ್ಚಿ ಎಳೆದುಕೊಟ್ಟೆ.

"ಇದು ಎಲ್ಲಿಂದ ಬಂತು?" ಎಂದು ಸಾಫ್ಟ್‌ವೇರ್ ತೋರಿಸಿ ಕೇಳಿದರು.

"ಮೆಷಿನ್ ಕೊಟ್ಟೋರೇ ಕೊಟ್ಟಿದ್ದು."

"ಅಂಗಾರೆ ಸರಿ."

ನಾನು ಅಭ್ಯಾಸಬಲದಿಂದ ಗೋಡೆ ಕಡೆ ತಿರುಗಿದೆ. ಅತ್ತೆ ಭುಜ ಹಿಡಿದು ಈ ಕಡೆ ತಿರುಗಿಸಿಕೊಂಡರು. "ನೋಡ್ಕ. ಇನ್ಮ್ಯಾಕೆ ಗೇಟ್‌ನಾಗೆ ನೀನು ನಿಂತ್ಕ. ನನ್ನೂ ಸುಮ್ಕೆ ಬಿಡಬ್ಯಾಡ." ಸಾಫ್ಟ್‌ವೇರ್ ಹಾಕಿದ ಮೇಲೆ ನನ್ನ ಖಾತೆಯನ್ನು ಅಡ್ಮಿನಿಸ್ಟ್ರೇಟರ್ ಮಾಡಿದರು, ನನ್ನ ಕೈಯಿಂದಲೇ ತಮ್ಮದನ್ನು ಸಾಧಾರಣ ಖಾತೆ ಮಾಡಿಸಿ, ಹೊಸ ಪಾಸ್‌ವರ್ಡ್ ಇಟ್ಟುಕೋ ಎಂದು ಒಳಗೆ ಅನ್ನಕ್ಕಿಡಲು ಹೋದರು. ರವಿಕೆ ಹೇಳಿದ ಹೊತ್ತಿಗೆ ಹೋಯಿತು.

ಆಮೇಲೆ ಚೌಕಾಬಾರದ ಆಟ ಹಾಕಿಕೊಳ್ಳಬೇಕೆನಿಸಿದರೂ ಅತ್ತೆ ನನ್ನನ್ನೇ ಕೂಗುತ್ತಿದ್ದರು. ನಾನು ಹೇಳುವ ಮೊದಲೇ ಕುರ್ಚಿ ಸಮೇತ ಗೋಡೆ ಕಡೆ ತಿರುಗಿ, "ಆಯ್ತೇನಮ್ಮ?" ಎಂದು ಕೇಳುತ್ತಿದ್ದರು. ನಾನು ಬೇಕೆಂದೇ ತಡಮಾಡುತ್ತಿದ್ದೆ.

ಹೋದ ವರ್ಷ ಅತ್ತೆ ತೀರಿಕೊಂಡರು. ನನ್ನ ಕಸುಬು, ಈ ಮನೆಯಲ್ಲಿ ನನ್ನ ಮಾತಿಗಿರುವ ತೂಕ, ಎರಡೂ ಆ ಸಂಜೆ ಅವರು ಕೊಟ್ಟದ್ದು. ಅವರ ಖಾತೆಯನ್ನು ನಾನು ಅಳಿಸಿಲ್ಲ. ಕಂಪ್ಯೂಟರ್ ಅನುಮತಿ ಕೇಳಿದಾಗಲೆಲ್ಲ ಅವರ ಖಾಲಿ ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿ, ಆಮೇಲೆ ಪಾಸ್‌ವರ್ಡ್ ಒತ್ತುತ್ತೇನೆ.